ಮನೆಯ ಸಂಸ್ಕಾರವೂ ಕಾಲೇಜಿನ ಹೊಂದಿಕೆಯೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಜರುಗಿದ ಪಾಲಕರ ಹಾಗೂ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)

ಅಧ್ಯಕ್ಷ ಮಹಾಶಯರೇ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗಳಿಂದ ದಯಮಾಡಿಸಿರುವ ಸದ್ಭಕ್ತರೇ, ತಾಯಂದಿರೇ, ವಿದ್ಯಾರ್ಥಿ ಮಿತ್ರರೇ,

ಮಠದ ಮಹೋತ್ಸವವೆಂದರೆ ಧರ್ಮಬೋಧೆಗೆ ಮೀಸಲಾದ ಕಾಲ. ಇಂಥ ವೇದಿಕೆಯ ಮೇಲೆ ಅನುಭಾವಿಗಳು ಮಾತಾಡುವುದು ಯುಕ್ತವೇ ಹೊರತು, ಹಾಜರಿ ಪಟ್ಟಿಯನ್ನು ಕೂಗುವುದರಲ್ಲಿಯೇ ಮೂವತ್ತು ವರ್ಷ ಕಳೆದ ನನ್ನಂಥ ಅಧ್ಯಾಪಕನಲ್ಲ. ಆದರೂ ಶ್ರೀಗಳವರು, “ಕಾಲೇಜಿಗೆ ಕಳಿಸಿದ ಮೇಲೆ ಮಕ್ಕಳು ನಮ್ಮವರಾಗಿ ಉಳಿಯುವುದಿಲ್ಲವೆಂದು ಭಕ್ತರು ಬಂದು ಹೇಳಿಕೊಳ್ಳುತ್ತಾರೆ, ಮಕ್ಕಳೋ, ಅಲ್ಲಿಯೂ ತಾವು ಪರಕೀಯರೇ ಎನ್ನುತ್ತಾರೆ, ಇದರ ನಿಜವೇನು, ಕಂಡುದನ್ನು ಕಂಡಂತೆ ಹೇಳಿರಿ” ಎಂದು ಅಪ್ಪಣೆ ಕೊಡಿಸಿದರು. ಅಪ್ಪಣೆಯನ್ನು ಮೀರಲಾರದೆ ನಿಂತಿದ್ದೇನೆ. ಕಂಡುದರಲ್ಲಿ ನನ್ನ ತಪ್ಪೂ ಉಂಟು, ಅದನ್ನೂ ಮರೆಮಾಡುವುದಿಲ್ಲ.

ಪ್ರತಿವರ್ಷ ಮುಂಗಾರು ಬಿತ್ತನೆಯ ಹೊತ್ತಿಗೆ ಸರಿಯಾಗಿ ಕಾಲೇಜುಗಳಲ್ಲಿ ಪ್ರವೇಶ ಪ್ರಾರಂಭವಾಗುವುದು. ಹೊಲದ ಕೆಲಸವನ್ನು ಒಂದು ದಿನದ ಮಟ್ಟಿಗೆ ನಿಲ್ಲಿಸಿ, ತಲೆಗೆ ರುಮಾಲು ಸುತ್ತಿ, ಮಗನನ್ನು ಹಿಂದಿಟ್ಟುಕೊಂಡು ಬರುವ ತಂದೆಯನ್ನು ನಾನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ಆತನು ಆಡುವ ಮಾತು ಬಹುಮಟ್ಟಿಗೆ ಒಂದೇ: “ಇವನ್ನ ನಿಮ್ಮ ಉಡಿಯಾಗ ಹಾಕೀನ್ರಿ ಮೇಷ್ಟ್ರೆ. ಹೊಡೀರಿ, ಬಡೀರಿ, ಒಬ್ಬ ಮನುಷ್ಯಾನ್ನ ಮಾಡ್ರಿ.” ಮಗನು ನೆಲವನ್ನು ನೋಡುತ್ತ ನಿಂತಿರುವನು. ಯಾವ ವಿಷಯವನ್ನು ಓದುವೆಯೆಂದು ಕೇಳಿದರೆ ತಂದೆಯೇ ಉತ್ತರ ಹೇಳುವನು. ಆ ಮಾತಿನಲ್ಲಿರುವ ವಿಶ್ವಾಸಕ್ಕೆ ನಾನು ತಲೆಬಾಗುತ್ತೇನೆ; ಇಂಥ ವಿಶ್ವಾಸವು ಪಟ್ಟಣಗಳಲ್ಲಿ ಅಧ್ಯಾಪಕನಿಗೆ ದೊರೆಯುವುದಿಲ್ಲ. ಆದರೆ ಅಷ್ಟು ಹೊತ್ತಿನಲ್ಲಿ ಹುಡುಗನ ಬಾಯಿಂದ ಒಂದು ಮಾತೂ ಹೊರಡಲಿಲ್ಲವೆಂಬುದನ್ನು ನಾನು ಬಹುಕಾಲ ಗಮನಿಸಲೇ ಇಲ್ಲ. ಇಂದಿನ ನನ್ನ ಬಿನ್ನಹವೆಲ್ಲವೂ ಆ ಮೌನವನ್ನು ಕುರಿತದ್ದು.

ಮೊದಲು ನಮ್ಮ ನಾಡಿನ ಸಂಗತಿಯನ್ನು ಎರಡು ಮಾತಿನಲ್ಲಿ ನೆನೆಯೋಣ. ಈ ಸೀಮೆಯು ೧೯೫೩ನೆಯ ಇಸವಿ ಅಕ್ಟೋಬರು ಒಂದನೆಯ ತಾರೀಖಿನವರೆಗೆ ಮದ್ರಾಸಿನ ಆಡಳಿತಕ್ಕೆ ಸೇರಿದ್ದಿತು. ಆ ಕಾಲದಲ್ಲಿ ಹೈಸ್ಕೂಲು ದಾಟಿದ ಹುಡುಗನಿಗೆ ಮುಂದಿನ ದಾರಿ ಬಹು ದೂರ. ಅನಂತಪುರದಲ್ಲಿ ೧೯೧೬ರಲ್ಲಿ ಸ್ಥಾಪನೆಯಾದ ಕಾಲೇಜಿಗೆ ಹೋದರೆ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪಾಠದಲ್ಲಿ ಇಂಗ್ಲೀಷು. ಅದೇ ೧೯೧೬ರಲ್ಲಿ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘವು ಹುಟ್ಟಿತು. ಆ ಸಂಘದ ವೀರಶೈವ ಕಾಲೇಜು ೧೯೪೫ರಲ್ಲಿ ಪ್ರಾರಂಭವಾಯಿತು. ಬಳಿಕ ಕಾಲೇಜುಗಳು ಬಳ್ಳಾರಿಯಿಂದ ನಮ್ಮ ಊರುಗಳ ಕಡೆಗೆ ಒಂದೊಂದಾಗಿ ನಡೆದು ಬಂದುವು. ವಿಶ್ವವಿದ್ಯಾನಿಲಯವೂ ೧೯೮೦ರಲ್ಲಿ ಕಲಬುರಗಿಗೆ, ೨೦೧೦ರಲ್ಲಿ ಬಳ್ಳಾರಿಗೆ ಸಮೀಪಿಸಿತು. ಜಿಲ್ಲೆಯ ಗಡಿಗಳೂ ಸುಮ್ಮನಿರಲಿಲ್ಲ. ಹರಪನಹಳ್ಳಿಯವರು ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಮತ್ತೆ ಬಳ್ಳಾರಿಗೆ ಮರಳಿ, ೨೦೨೧ರಲ್ಲಿ ಉಳಿದ ನಾಲ್ಕು ಸೀಮೆಗಳ ಜತೆಗೆ ವಿಜಯನಗರ ಜಿಲ್ಲೆಯವರಾದರು. ಇಷ್ಟು ಬದಲಾವಣೆಗೆ ಹೊಂದಿಕೊಂಡ ಜನಕ್ಕೆ ಹೊಂದಿಕೆಯ ಪಾಠವನ್ನು ನಾನು ಹೇಳಬೇಕಾದುದು ವಿನೋದವೇ ಸರಿ!

ಕಾಲೇಜು ಹತ್ತಿರ ಬಂದುದರಿಂದ ಒಂದು ಹೊಸ ಪರಿಸ್ಥಿತಿ ಒದಗಿದೆ. ಅದನ್ನು ನಾವು ಸರಿಯಾಗಿ ಮನಗಂಡಿಲ್ಲ. ಹಿಂದಿನ ಕಾಲದ ಹುಡುಗನು ಗಂಟುಮೂಟೆ ಕಟ್ಟಿಕೊಂಡು ಪರಊರಿಗೆ ಹೋಗುತ್ತಿದ್ದನು. ಅಲ್ಲಿ ಅತ್ತು, ಹಸಿದು, ವರ್ಷ ಕಳೆಯುವುದರೊಳಗೆ ಬೇರೊಬ್ಬನಾಗಿ ಮರಳುತ್ತಿದ್ದನು. ಇಂದಿನ ಹುಡುಗನಾದರೋ ಬೆಳಗಿನ ಮೊದಲ ಬಸ್ಸಿಗೆ ಹೊರಟು ಸಂಜೆಯ ಬಸ್ಸಿಗೆ ಮನೆ ಸೇರುವನು. ದಿನಕ್ಕೊಂದು ಸಲ ಊರನ್ನು ಬಿಡುವನು, ದಿನಕ್ಕೊಂದು ಸಲ ಊರಿಗೆ ಬರುವನು. ಹಗಲು ಒಂದು ಲೋಕದ ರೀತಿ, ರಾತ್ರಿ ಇನ್ನೊಂದು ಲೋಕದ ರೀತಿ. ಶೇಂಗಾ ಕೀಳುವ ಕಾಲದಲ್ಲಿ ತರಗತಿಯ ಅರ್ಧ ಬೆಂಚುಗಳು ಬರಿದಾಗುವುದನ್ನು ನಾನು ನೋಡಿದ್ದೇನೆ. ಮಾಘಮಾಸದಲ್ಲಿ ಕೊಟ್ಟೂರೇಶ್ವರನ ತೇರು, ಮೈಲಾರದ ಕಾರಣಿಕ. ಆ ದಿನಗಳಲ್ಲಿ ಪಾಠ ಮಾಡುವ ಅಧ್ಯಾಪಕನು ಗೋಡೆಗೆ ಪಾಠ ಮಾಡಬೇಕು. ಹಾಜರಿ ಕಡಮೆಯಾಯಿತೆಂದು ದಂಡ ವಿಧಿಸುವ ನಿಯಮವನ್ನು ಬರೆದ ಮಹನೀಯರು ನಮ್ಮ ಪಂಚಾಂಗವನ್ನು ನೋಡಿರಲಾರರು. ಅದಂತಿರಲಿ.

ಈ “ಹೊಂದಿಕೆ” ಎಂಬುದೇನು? ನಮ್ಮ ದೇಶದ ಮನಶ್ಶಾಸ್ತ್ರಜ್ಞರಾದ ಸಿನ್ಹಾ ಮತ್ತು ಸಿಂಗ್ ಎಂಬವರು ಕಾಲೇಜಿನ ವಿದ್ಯಾರ್ಥಿಗಳಿಗಾಗಿ ಒಂದು ಪ್ರಶ್ನಾವಳಿಯನ್ನು ರಚಿಸಿರುವರು. ಅದರಲ್ಲಿ ಮನೆ, ಆರೋಗ್ಯ, ಸಮಾಜ, ಭಾವನೆ, ವಿದ್ಯಾಭ್ಯಾಸ ಎಂದು ಹೊಂದಿಕೆಯ ಐದು ಕ್ಷೇತ್ರಗಳಿವೆ. ಮನೆಯನ್ನು ಮೊದಲಿಗೇ ಎಣಿಸಿರುವುದು ನನಗೆ ಸರಿಯೆನಿಸಿದೆ. ಅಮೆರಿಕಾ ದೇಶದ ವಿನ್ಸೆಂಟ್ ಟಿಂಟೋ ಎಂಬ ವಿದ್ವಾಂಸರು ೧೯೭೫ರಿಂದ ಬರೆಯುತ್ತ ಬಂದ ಗ್ರಂಥ ಲೇಖನಗಳಲ್ಲಿ, ವಿದ್ಯಾರ್ಥಿಗಳು ಕಾಲೇಜನ್ನು ನಡುವೆಯೇ ಏಕೆ ಬಿಡುವರೆಂಬುದನ್ನು ವಿಚಾರಿಸಿದರು. ಪಾಠದಲ್ಲಿಯೂ ಗೆಳೆಯರ ಬಳಗದಲ್ಲಿಯೂ ಬೆರೆತವನು ಉಳಿಯುವನು, ಬೆರೆಯದವನು ಹೊರಟುಹೋಗುವನು ಎಂಬುದು ಅವರ ಸಿದ್ಧಾಂತದ ತಿರುಳು. ಹೀಗೆ ಬೆರೆಯಬೇಕಾದರೆ ಹಿಂದಿನ ಬಳಗದಿಂದ ತುಸು ಬಿಡಿಸಿಕೊಳ್ಳಬೇಕಾಗುವುದೆಂದೂ ಅವರು ಹೇಳಿದರು. ಇದನ್ನು ಅಲ್ಲಿಯ ಬಡ ಹಾಗೂ ಅಲ್ಪಸಂಖ್ಯಾತ ಮನೆತನಗಳ ಮಕ್ಕಳನ್ನು ಬಲ್ಲವರು ಒಪ್ಪಲಿಲ್ಲ. ಲಾರಾ ರೆಂಡಾನ್ ಎಂಬ ವಿದುಷಿಯು ೧೯೯೪ರಲ್ಲಿ ಬೇರೊಂದು ಮಾತನ್ನು ಮುಂದಿಟ್ಟರು: ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲನ್ನು ಹತ್ತಿದ ಮಗುವಿಗೆ ಬೇಕಾದುದು, “ನೀನು ಕಲಿಯಬಲ್ಲೆ, ನೀನು ತಂದಿರುವ ಬಾಳಿನ ಅನುಭವಕ್ಕೂ ಇಲ್ಲಿ ಬೆಲೆಯುಂಟು” ಎಂದು ತಾನಾಗಿ ಬಂದು ಹೇಳುವ ಒಬ್ಬ ಮನುಷ್ಯ. ಆ ಮನುಷ್ಯನು ಅಧ್ಯಾಪಕನಾಗಬಹುದು, ಗೆಳೆಯನಾಗಬಹುದು, ತಾಯಿಯೂ ಆಗಬಹುದು.

ನನ್ನ ಅನುಭವವು ಎರಡನೆಯ ಪಕ್ಷಕ್ಕೆ ಹತ್ತಿರವಾದುದು. ತುಂಗಭದ್ರಾ ಜಲಾಶಯವು ೧೯೫೩ರಲ್ಲಿ ತುಂಬಿದಾಗ ಊರುಗಳನ್ನು ಕಳೆದುಕೊಂಡ ಮನೆತನಗಳು ಹಗರಿಬೊಮ್ಮನಹಳ್ಳಿಯ ಸುತ್ತಮುತ್ತ ಇಂದಿಗೂ ಇವೆ. ಅವರು ಹೊಸ ನೆಲದಲ್ಲಿ ಬಾಳನ್ನು ಕಟ್ಟಿದ್ದು ಹಳೆಯ ಊರನ್ನು ಮರೆತಲ್ಲ. ದೇವರನ್ನೂ ಬೀಸುವ ಕಲ್ಲನ್ನೂ ನೆರೆಹೊರೆಯನ್ನೂ ಜತೆಗೆ ತಂದುದರಿಂದ. ಏನನ್ನು ಹೇರಿಕೊಂಡು ಹೋಗಬೇಕು, ಏನನ್ನು ನೀರಿಗೆ ಬಿಡಬೇಕು ಎಂಬುದನ್ನು ಮಾತ್ರ ಅವರು ಕೂತು ಮಾತಾಡಿ ತೀರ್ಮಾನಿಸಬೇಕಾಗಿದ್ದಿತು. ಕಾಲೇಜಿಗೆ ಹೋಗುವ ಮಗುವಿನ ಮನೆಯಲ್ಲಿ ಈ ಮಾತುಕತೆಯು ನಡೆಯುವುದಿಲ್ಲವೆಂಬುದೇ ನನ್ನ ಕೊರಗು.

ನಮ್ಮ ಮನೆಗಳು ಮಕ್ಕಳಿಗೆ ಕೊಡುವ ಸಂಸ್ಕಾರವು ಸಾಮಾನ್ಯವಾದುದಲ್ಲ. ಹಡಗಲಿಯ ಕಡೆಯ ಒಬ್ಬ ವಿದ್ಯಾರ್ಥಿನಿಯು ನನಗೆ ನೆನಪಾಗುತ್ತಾಳೆ. ಅವಳ ಮನೆಯವರು ಮಲ್ಲಿಗೆಯ ತೋಟ ಮಾಡಿದವರು. ಮೊಗ್ಗು ಬಿಡಿಸಬೇಕಾದುದು ಬಿಸಿಲೇರುವುದಕ್ಕೆ ಮುಂಚೆ. ತಡವಾದರೆ ಅರಳಿ ಬೆಲೆ ಬಿದ್ದುಹೋಗುವುದು. ನಸುಕಿನಲ್ಲಿ ತೋಟಕ್ಕಿಳಿದು, ಮೊಗ್ಗು ಬಿಡಿಸಿ, ತೂಕದ ಲೆಕ್ಕವನ್ನು ಬರೆದಿಟ್ಟು, ಆಮೇಲೆ ಅವಳು ಬಸ್ಸಿಗೆ ಬರುತ್ತಿದ್ದಳು. ಕಾಲೇಜಿನ ವಾರ್ಷಿಕೋತ್ಸವದ ಖರ್ಚು ವೆಚ್ಚವನ್ನು ನೋಡಿಕೊಳ್ಳಲು ಯಾರೂ ಮುಂದೆ ಬಾರದಿದ್ದಾಗ ಅವಳು ವಹಿಸಿಕೊಂಡಳು. ಒಂದು ರೂಪಾಯಿಯ ವ್ಯತ್ಯಾಸವೂ ಬರಲಿಲ್ಲ. ವಾಣಿಜ್ಯಶಾಸ್ತ್ರದ ಪಾಠದಲ್ಲಿ ಅದುವರೆಗೆ ಹಿಂದಿನ ಬೆಂಚಿನಲ್ಲಿದ್ದವಳು ಮರುದಿನದಿಂದ ಮುಂದೆ ಬಂದು ಕುಳಿತಳು. ತೋಟದ ಲೆಕ್ಕವೂ ಪುಸ್ತಕದ ಲೆಕ್ಕವೂ ಒಂದೇ ಎಂಬುದು ಅವಳಿಗೆ ಆ ದಿನ ಹೊಳೆಯಿತು. ನಮಗೂ ಅದುವರೆಗೆ ಹೊಳೆದಿರಲಿಲ್ಲ. ಕಾಯಕವನ್ನು ಮೈಗೂಡಿಸಿಕೊಂಡ ಮಗುವಿಗೆ ಹೊಂದಿಕೆ ಕಷ್ಟವಲ್ಲ. ತನ್ನ ಕಾಯಕವು ಇಲ್ಲಿ ನಗೆಪಾಟಲಾಗುವುದೋ ಎಂಬ ಅಂಜಿಕೆಯು ಮಾತ್ರ ಕಷ್ಟ.

ಇದೇ ರೀತಿ ಹಂಚಿ ಉಣ್ಣುವುದು, ಇದ್ದುದರಲ್ಲಿ ಸುಧಾರಿಸುವುದು, ಹಿರಿಯರನ್ನು ಕಂಡರೆ ಎದ್ದು ನಿಲ್ಲುವುದು, ಇವೆಲ್ಲ ಮನೆಯ ಕೊಡುಗೆಗಳೇ. ಇವನ್ನು ನಾನು ಹೆಚ್ಚಾಗಿ ವರ್ಣಿಸುವುದಿಲ್ಲ, ತಾವು ಬಲ್ಲಿರಿ.

ಮನೆಯು ಕೊಡದೆ ಉಳಿಸಿಕೊಂಡ ಒಂದು ವಸ್ತುವಿದೆ. ಅದು ಮಾತು. “ಹಿರಿಯರಿಗೆ ಎದುರು ಮಾತಾಡಬೇಡ” ಎಂಬುದು ನಮ್ಮ ಮನೆಗಳ ಮೊದಲನೆಯ ಪಾಠ. ಎದುರು ಮಾತು ಬೇರೆ, ಕೇಳುವ ಮಾತು ಬೇರೆ ಎಂಬ ಭೇದವನ್ನು ನಾವು ಮಕ್ಕಳಿಗೆ ಹೇಳಿಕೊಡುವುದಿಲ್ಲ. ಎರಡನ್ನೂ ಒಂದೇ ಬೆತ್ತದಿಂದ ಅಡಗಿಸುತ್ತೇವೆ. ಕಾಲೇಜಾದರೋ ಕೇಳದವನಿಗೆ ಏನನ್ನೂ ಕೊಡದ ಜಾಗ. ಅಲ್ಲಿ ಫೀಜಿನ ವಿನಾಯಿತಿಯನ್ನು ಕೇಳಬೇಕು, ವಿದ್ಯಾರ್ಥಿವೇತನದ ಅರ್ಜಿಯನ್ನು ಕೇಳಬೇಕು, ಗ್ರಂಥಾಲಯದ ಪುಸ್ತಕವನ್ನು ಕೇಳಬೇಕು, ತಿಳಿಯದ ಪಾಠವನ್ನು ಕೇಳಬೇಕು. ಕೇಳಲು ಕಲಿಯದೆ ಬಂದ ಮಗುವು ತುಂಬಿದ ಕೆರೆಯ ದಂಡೆಯಲ್ಲಿ ಬಾಯಾರಿ ನಿಂತಂತೆ.

ಈಗ ನನ್ನ ತಪ್ಪಿನ ಸಂಗತಿ. ಬಹಳ ವರ್ಷಗಳ ಹಿಂದಿನ ಮಾತು. ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಯಿಂದ ಒಬ್ಬ ಹುಡುಗನು ನಮ್ಮಲ್ಲಿಗೆ ಪಿ.ಯು.ಸಿ. ವಿಜ್ಞಾನ ಶಾಖೆಗೆ ಬಂದನು. ಕನ್ನಡ ಮಾಧ್ಯಮದಲ್ಲಿ ಓದಿ ಎಸ್.ಎಸ್.ಎಲ್.ಸಿ.ಯಲ್ಲಿ ಊರಿಗೇ ಮೊದಲಿಗನಾದವನು. ಊರವರು ಅವನಿಗೆ ಗುಡಿಯ ಮುಂದೆ ಹಾರ ಹಾಕಿದ್ದರಂತೆ. ತಂದೆಯು ಎರಡು ಹೋರಿಗಳನ್ನು ಮಾರಿ ಅವನನ್ನು ಕಳಿಸಿದ್ದನು. ಹತ್ತು ವರ್ಷ ಕನ್ನಡದಲ್ಲಿ ಕಲಿತ ಭೌತಶಾಸ್ತ್ರ, ರಸಾಯನಶಾಸ್ತ್ರಗಳು ಒಂದೇ ಬೇಸಗೆಯ ಅಂತರದಲ್ಲಿ ಇಂಗ್ಲೀಷಾಗಿ ಬಿಟ್ಟವು. ಮೊದಲ ತಿಂಗಳು ಅವನು ಬರೆದುಕೊಳ್ಳುತ್ತಿದ್ದನು. ಎರಡನೆಯ ತಿಂಗಳು ಬರೆದುಕೊಂಡಂತೆ ನಟಿಸುತ್ತಿದ್ದನು. ಪರೀಕ್ಷೆಯಲ್ಲಿ ಉತ್ತರಪತ್ರಿಕೆಯನ್ನು ಬರಿದಾಗಿ ಕೊಟ್ಟನು. ನಾನು ಅದನ್ನು ತರಗತಿಯ ಎದುರಿಗೆ ಎತ್ತಿ ಹಿಡಿದು, “ನಿನಗೆ ಕೈಯೂ ಇಲ್ಲ, ಬಾಯಿಯೂ ಇಲ್ಲವೇನಯ್ಯಾ?” ಎಂದು ಗದರಿಸಿದೆನು. ಮಕ್ಕಳು ನಕ್ಕರು. ಅವನು ಎಂದಿನಂತೆ ನೆಲವನ್ನು ನೋಡಿದನು. ಮುಂದಿನ ವಾರದಿಂದ ಅವನ ಹೆಸರನ್ನು ಕೂಗಿದಾಗ ಉತ್ತರ ಬರಲಿಲ್ಲ.

ಎರಡು ತಿಂಗಳು ಕಳೆದ ಮೇಲೆ, ಬೇರೆ ಕೆಲಸದ ನಿಮಿತ್ತ ಆ ಕಡೆ ಹೋದವನು ಅವನ ಮನೆಯನ್ನು ಕೇಳಿಕೊಂಡು ಹೋದೆ. ಹುಡುಗನು ಬೆಂಗಳೂರಿನಲ್ಲಿ ಮನೆ ಕಟ್ಟುವ ಕೆಲಸಕ್ಕೆ ಸೇರಿದ್ದನು. ತಂದೆಯು ಕಟ್ಟೆಯ ಮೇಲೆ ಕಂಬಳಿ ಹಾಸಿ ನನ್ನನ್ನು ಕೂಡ್ರಿಸಿ, ನೀರು ಕೊಟ್ಟು, ಬಹಳ ಹೊತ್ತು ಸುಮ್ಮನಿದ್ದು, “ಕೇಳಿದ್ದೆಲ್ಲಾ ಕೊಟ್ಟೀನ್ರಿ ಮೇಷ್ಟ್ರೆ. ಏನೂ ಕಡಿಮಿ ಮಾಡ್ಲಿಲ್ಲ” ಎಂದನು. ಒಳಗಿನಿಂದ, ಬಾಗಿಲ ಮರೆಯಲ್ಲಿ ನಿಂತಿದ್ದ ತಾಯಿಯು ಹೇಳಿದಳು: “ಅವ ಏನಾರ ಯಾವಾಗ ಕೇಳಿದ್ನಪ್ಪಾ? ಅವ ಕೇಳ್ಲೇ ಇಲ್ಲಲ್ಲ.”

ತಂದೆಯು ಆಕೆಯ ಕಡೆಗೆ ತಿರುಗಿ ನೋಡಿದನು. ಆ ಮನೆಯಲ್ಲಿ ಆಕೆಯೂ ಅಷ್ಟು ಮಾತಾಡಿದುದು ಅಪೂರ್ವವೆಂದು ನನಗೆ ಕಂಡಿತು.

ಆ ಹುಡುಗನು ಮತ್ತೆ ಓದಲಿಲ್ಲ. ನಾನು ಹೇಳಿಕಳಿಸಿದೆನು, ಕಾಗದ ಬರೆದೆನು, ಉತ್ತರ ಬರಲಿಲ್ಲ. ಬಡತನವು ಅವನನ್ನು ಬಿಡಿಸಿತೆನ್ನಲಾರೆ, ಹೋರಿಗಳ ಹಣವು ಇನ್ನೂ ಉಳಿದಿದ್ದಿತು. ಬುದ್ಧಿಯ ಕೊರತೆಯೆನ್ನಲಾರೆ. ಮನೆಯ ಪ್ರೀತಿಗೆ ಬಾಯಿರಲಿಲ್ಲ, ನನ್ನ ಬಾಯಿಗೆ ಪ್ರೀತಿಯಿರಲಿಲ್ಲ. ನಡುವೆ ಹುಡುಗನು ನಿಂತಿದ್ದನು. ಮನೆಯು ಅವನಿಗೆ ಮೌನವನ್ನು ಕಲಿಸಿದ್ದರೆ, ನಾನು ಆ ಮೌನಕ್ಕೆ ಶಿಕ್ಷೆ ವಿಧಿಸಿದೆನು.

ಇದಾದ ಕೆಲವು ವರ್ಷಗಳ ಮೇಲೆ, ಅದೇ ತಾಲ್ಲೂಕಿನ ಕುರಿ ಕಾಯುವ ಮನೆತನದ ಹುಡುಗನೊಬ್ಬನು ಬಂದನು. ಇಂಗ್ಲೀಷು ಅವನಿಗೂ ಬಾರದು. ಅಂಕಗಳು ಮೊದಲಿನವನಿಗಿಂತ ಕಡಮೆ. ಮೂರನೆಯ ದಿನವೇ ತರಗತಿಯಲ್ಲಿ ಎದ್ದು ನಿಂತು, “ಸಾರ್, ಈಗ ಹೇಳಿದ್ದು ತಿಳೀಲಿಲ್ಲ. ಕನ್ನಡದಾಗ ಇನ್ನೊಮ್ಮೆ ಹೇಳ್ರಿ” ಎಂದನು. ಇಡೀ ತರಗತಿಯು ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು. ತಿಳಿಯದವರು ಅವನೊಬ್ಬನೇ ಆಗಿರಲಿಲ್ಲ. ಇವನಿಗೆ ಈ ಧೈರ್ಯವು ಎಲ್ಲಿಂದ ಬಂದಿತೆಂದು ಕುತೂಹಲವಾಗಿ ವಿಚಾರಿಸಿದೆ. ಅವರ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಹಟ್ಟಿಯ ಮುಂದೆ ಕೂತು, ಮರಿಗಳನ್ನು ಈ ಸಂತೆಗೆ ಹೊಡೆಯುವುದೋ ಮುಂದಿನ ಸಂತೆಗೋ, ಮಂದೆಯನ್ನು ಯಾವ ದಿಕ್ಕಿಗೆ ಮೇಯಲು ಒಯ್ಯುವುದು ಎಂದು ಮಾತಾಡುವ ರೂಢಿಯಂತೆ. ಅಜ್ಜನು ಮೊಮ್ಮಕ್ಕಳನ್ನೂ ಕೇಳುವನಂತೆ. “ನಮ್ಮ ಅಜ್ಜ ನಮ್ಮ ಮಾತು ಕೇಳಾಂಗಿಲ್ರಿ, ಆದ್ರ ಕೇಳ್ತಾನ್ರಿ” ಎಂದು ಹುಡುಗನು ನಕ್ಕನು. ಮೊಮ್ಮಗನ ಮಾತನ್ನು ನಡೆಸುವುದು ಬಿಡುವುದು ಅಜ್ಜನ ಇಷ್ಟ. ಆದರೆ ಕಿವಿ ಮಾತ್ರ ಕೊಡುತ್ತಿದ್ದನು. ಆ ಹುಡುಗನು ಪದವಿಯನ್ನು ಮುಗಿಸಿದನು. ಮೊದಲನೆಯ ಪ್ರಯತ್ನದಲ್ಲಿಯೇ ಎಂದು ಹೇಳಿದರೆ ಸುಳ್ಳಾದೀತು. ಎರಡು ವಿಷಯಗಳಲ್ಲಿ ಬಿದ್ದು, ಮತ್ತೆ ಬರೆದು ಮುಗಿಸಿದನು. ಬಿದ್ದ ದಿನ ಮನೆಗೆ ಹೋಗಿ ಹೇಳಿದನು ಎಂಬುದೇ ನನಗೆ ದೊಡ್ಡದಾಗಿ ತೋರುವುದು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಮೌನವು ಇನ್ನೂ ಗಹನವಾದುದು. ಇಂದು ನಮ್ಮ ಕಲಾ ವಾಣಿಜ್ಯ ತರಗತಿಗಳಲ್ಲಿ ಹುಡುಗಿಯರ ಬೆಂಚುಗಳು ತುಂಬಿರುವುದನ್ನು ಕಂಡು ಸಂತೋಷಪಡುತ್ತೇವೆ. ಆದರೆ ಪ್ರತಿಯೊಬ್ಬ ಹುಡುಗಿಯೂ ಮನೆಯೊಡನೆ ಆಡದೆ ಮಾಡಿಕೊಂಡ ಒಂದು ಕರಾರಿನ ಮೇಲೆ ಬಂದಿರುತ್ತಾಳೆ: ಏನಾದರೂ ಒಂದು ಮಾತು ಬಂದರೆ ಓದು ಅಲ್ಲಿಗೆ ನಿಂತಿತು. ಬಸ್ಸಿನಲ್ಲಿ ಯಾರೋ ಪೋಕರಿಯು ಹಿಂದೆ ಬಿದ್ದರೆ ಅವಳು ಮನೆಯಲ್ಲಿ ಹೇಳಲಾರಳು. ಹೇಳಿದರೆ ಪೋಕರಿಯ ತಿರುಗಾಟವು ನಿಲ್ಲುವುದಿಲ್ಲ, ಅವಳ ಓದು ನಿಲ್ಲುವುದು. ಹೀಗೆ ಮನೆಯ ಕಾಳಜಿಯೇ ಅವಳನ್ನು ಮನೆಯಿಂದ ದೂರ ಮಾಡುತ್ತದೆ. ಅಧ್ಯಾಪಕರಿಗೆ ಹೇಳೋಣವೆಂದರೆ, ಅವರು ಪಾಲಕರನ್ನು ಕರೆಸಿಯಾರೆಂಬ ಭಯ. ತಾಯಂದಿರೇ, ತಮ್ಮ ಮಗಳು ಈಚೆಗೆ ಬಸ್ಸಿನ ಹೊತ್ತನ್ನು ಸುಮ್ಮನೆ ಬದಲಾಯಿಸಿದ್ದರೆ, ಅದರ ಕಾರಣವನ್ನು ಬೈಯದೆ ಕೇಳಿ ನೋಡಿರಿ. ೨೦೦೬ರ ಕಾಯಿದೆಯು ಹದಿನೆಂಟು ತುಂಬದ ಹುಡುಗಿಯ ಲಗ್ನವನ್ನು ನಿಷೇಧಿಸಿದೆ. ಹದಿನೆಂಟು ತುಂಬಿದ ಮರುತಿಂಗಳೇ, ಎರಡನೆಯ ವರ್ಷದ ಪರೀಕ್ಷೆಯ ಮುಂದೆ ನಿಶ್ಚಿತಾರ್ಥ ಮಾಡುವುದನ್ನು ಯಾವ ಕಾಯಿದೆಯೂ ತಡೆಯದು. ಅದನ್ನು ತಡೆಯಬೇಕಾದವರು ಈ ಸಭೆಯಲ್ಲಿ ಕುಳಿತಿರುವವರೇ.

ಹೆಣ್ಣುಮಗಳು ಮಾತಾಡುವುದು ನಮ್ಮ ಸಂಸ್ಕೃತಿಗೆ ಒಪ್ಪದೆಂದು ಹೇಳುವವರುಂಟು. ಅವರಿಗೆ ನಾನು ಶೂನ್ಯಸಂಪಾದನೆಯನ್ನು ನೆನಪಿಸುತ್ತೇನೆ. ಹದಿನೈದನೆಯ ಶತಮಾನದಲ್ಲಿ ಮೊದಲು ಸಂಕಲನಗೊಂಡ ಆ ಗ್ರಂಥದಲ್ಲಿ, ಉಡುತಡಿಯಿಂದ ಒಬ್ಬಳೇ ನಡೆದು ಕಲ್ಯಾಣಕ್ಕೆ ಬಂದ ಮಹಾದೇವಿಯನ್ನು ಅಲ್ಲಮಪ್ರಭುದೇವರು ಕಠಿಣವಾಗಿ ಪ್ರಶ್ನಿಸುವ ಸಂದರ್ಭವಿದೆ. ವಯಸ್ಸಿನಲ್ಲಿ ಕಿರಿಯಳು, ಪರಸ್ಥಳದವಳು, ಗಂಡನನ್ನು ಬಿಟ್ಟು ಬಂದವಳು. ಎದುರಿಗೆ ತುಂಬಿದ ಶರಣರ ಸಭೆ. ಆಕೆಯು ಪ್ರತಿಯೊಂದು ಪ್ರಶ್ನೆಗೂ ಉತ್ತರ ಕೊಟ್ಟಳು, ಉತ್ತರದೊಳಗೇ ಮರುಪ್ರಶ್ನೆಯನ್ನೂ ಇಟ್ಟಳು. ಆ ಸಭೆಯು ಆಕೆಯನ್ನು ಅಕ್ಕನೆಂದು ಗೌರವಿಸಿತು. ಎದುರು ಮಾತಾಡಿದಳೆಂದು ಯಾರೂ ಎದ್ದು ಹೋಗಲಿಲ್ಲ. ಒಂದು ಹೊಸ ವಿದ್ಯಾಸ್ಥಾನಕ್ಕೆ ಬಂದವರನ್ನು ಹೇಗೆ ಬರಮಾಡಿಕೊಳ್ಳಬೇಕು, ಬಂದವರು ಹೇಗೆ ನಿಲ್ಲಬೇಕು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನವನ್ನು ನಾನು ಬಲ್ಲವನಲ್ಲ. ಆದರೆ ನಾವು ಅಕ್ಕನನ್ನು ಪೂಜಿಸುತ್ತೇವೆ, ಮನೆಯ ಅಕ್ಕನಿಗೆ ಬಾಯಿ ಮುಚ್ಚು ಎನ್ನುತ್ತೇವೆ.

ಇನ್ನೊಂದು ಸಂಗತಿಯನ್ನು ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಮಠದ ವೇದಿಕೆಯ ಮೇಲೆ ಹೇಳದಿದ್ದರೆ ಇನ್ನೆಲ್ಲಿ ಹೇಳುವುದು? ಪ್ರವೇಶದ ಅರ್ಜಿಯಲ್ಲಿ ತಂದೆಯ ಹೆಸರಿನ ಅಂಕಣವಿರುತ್ತದೆ. ನಮ್ಮ ಈ ತಾಲ್ಲೂಕುಗಳಲ್ಲಿ ಆ ಅಂಕಣದ ಮುಂದೆ ಲೇಖನಿಯನ್ನು ಹಿಡಿದು ನಿಂತುಬಿಡುವ ಮಕ್ಕಳುಂಟು. ಅವರ ತಾಯಂದಿರನ್ನು ದೇವರ ಹೆಸರಿನಲ್ಲಿ ಬಿಟ್ಟಿದ್ದರು. ಮದ್ರಾಸು ಸರಕಾರವು ೧೯೪೭ರಲ್ಲಿಯೇ ಆ ಪದ್ಧತಿಯನ್ನು ಕಾಯಿದೆಯಿಂದ ನಿಷೇಧಿಸಿತು. ಕರ್ನಾಟಕವು ೧೯೮೨ರಲ್ಲಿ ಮತ್ತೊಂದು ಕಾಯಿದೆಯನ್ನು ಮಾಡಿತು. ಎರಡು ಕಾಯಿದೆಗಳ ಬಳಿಕವೂ ಆ ಮನೆಗಳ ಮಕ್ಕಳು ನಮ್ಮ ಸುತ್ತಲೂ ಇದ್ದಾರೆ, ಓದಲು ಬರುತ್ತಾರೆ. ಪ್ರವೇಶದ ದಿನ ಹಿಂದೆ ಇಪ್ಪತ್ತು ಜನ ಸಾಲಾಗಿ ನಿಂತಿರುವಾಗ ಗುಮಾಸ್ತನು ದೊಡ್ಡ ದನಿಯಲ್ಲಿ, “ಅಪ್ಪನ ಹೆಸರು ಹೇಳಯ್ಯಾ” ಎಂದರೆ, ಆ ಮಗುವಿನ ಹೊಂದಿಕೆಯು ಪಾಠ ಪ್ರಾರಂಭವಾಗುವುದಕ್ಕೆ ಮುಂಚೆಯೇ ಮುರಿದುಬೀಳುತ್ತದೆ. ಮನೆಯ ಸಂಸ್ಕಾರವೆಂದು ನಾವು ಅಭಿಮಾನದಿಂದ ಮಾತಾಡುವಾಗ, ಮನೆಯೆಂದರೆ ಎಲ್ಲರಿಗೂ ಒಂದೇ ಆಕಾರದ್ದಲ್ಲವೆಂಬುದನ್ನು ನೆನೆಯತಕ್ಕದ್ದು. ತಾಯಿಯೊಬ್ಬಳೇ ಇರುವ ಮನೆಯೂ ಮನೆಯೇ. ಕಾಫಿ ತೋಟಕ್ಕೋ ಕಟ್ಟಡದ ಕೆಲಸಕ್ಕೋ ತಂದೆತಾಯಿಗಳು ಗುಳೆ ಹೋಗಿ, ಅಜ್ಜಿಯೊಡನೆ ಉಳಿದ ಹುಡುಗನದೂ ಮನೆಯೇ. ನಾನು ಕಂಡಂತೆ ಅಂಥ ಅಜ್ಜಿಯರಲ್ಲಿ ಕೆಲವರು, ಎರಡೆಕರೆ ನೀರಾವರಿಯ ಗೃಹಸ್ಥರಿಗಿಂತ ಚೆನ್ನಾಗಿ ಮೊಮ್ಮಕ್ಕಳನ್ನು ಮಾತಾಡಿಸಬಲ್ಲರು.

ಮನೆಗೂ ಕಾಲೇಜಿಗೂ ನಡುವೆ ಮೂರನೆಯದೊಂದು ಮನೆಯನ್ನು ಕಟ್ಟಿದ ಕೀರ್ತಿಯು ನಮ್ಮ ಮಠಗಳದು. ಧಾರವಾಡದ ಮುರುಘಾಮಠದಲ್ಲಿ ಶ್ರೀ ಮೃತ್ಯುಂಜಯ ಅಪ್ಪಗಳವರು ನಡೆಸಿದ ಉಚಿತ ಪ್ರಸಾದ ನಿಲಯವನ್ನೂ, ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು (೧೯೦೭–೨೦೧೯) ಜಾತಿಮತಗಳನ್ನೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಆಶ್ರಯವನ್ನೂ ಇತ್ತುದನ್ನೂ ತಾವು ಬಲ್ಲಿರಿ. ಹಳ್ಳಿಯಿಂದ ಬಂದ ಹುಡುಗನಿಗೆ ಅಲ್ಲಿ ಊಟವೊಂದೇ ದೊರೆಯಲಿಲ್ಲ. ತನ್ನ ಮಾತಿನ ಧಾಟಿಯನ್ನು ನೋಡಿ ನಗದ ಜತೆಗಾರರು ದೊರೆತರು, ತನಗಿಂತ ಎರಡು ವರ್ಷ ಮುಂದೆ ಓದುತ್ತಿದ್ದವನು ಅರ್ಜಿ ಬರೆಯುವುದನ್ನು ಹೇಳಿಕೊಟ್ಟನು. ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವನ ಕುಲವನ್ನು ಕೇಳದೆ ಉಣ್ಣುವುದನ್ನು ಮನೆಯಲ್ಲಿ ಕಲಿಯದ ಹುಡುಗರೂ ಅಲ್ಲಿ ಕಲಿತರು. ಮನೆಯ ಸಂಸ್ಕಾರಗಳಲ್ಲಿ ನೀರಿಗೆ ಬಿಡಬೇಕಾದ ಗಂಟೂ ಒಂದುಂಟೆಂದು ಇದರಿಂದ ತಿಳಿಯುವುದು.

ಆದರೆ ಪ್ರಸಾದ ನಿಲಯಗಳಿಗೂ ನನ್ನದೊಂದು ಬಿನ್ನಹ. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಪ್ರಾರ್ಥನೆ, ಗಂಟೆ ಹೊಡೆದರೆ ಊಟ, ಈ ಶಿಸ್ತು ಬೇಕು. ಆದರೆ ಮಗುವು ತನ್ನ ಸಂಕಟವನ್ನು ಹೇಳಿಕೊಳ್ಳುವ ಗಂಟೆ ಯಾವುದು? ಪಾಲಕರು ಮೊಬೈಲಿನ ಮೇಲೆ ತಪ್ಪು ಹೊರಿಸುತ್ತಾರೆ. ಮನೆಯಲ್ಲಿ ಕೇಳುವವರಿಲ್ಲದ ಮಾತು ಆ ಯಂತ್ರದೊಳಗೆ ಹೋಗಿ ಬೀಳುತ್ತದೆ. ಯಂತ್ರವನ್ನು ಕಸಿದುಕೊಂಡ ಮಾತ್ರಕ್ಕೆ ಮಾತು ತಂದೆಯ ಹತ್ತಿರ ಬರುವುದಿಲ್ಲ.

ಇಷ್ಟು ಹೇಳಿ, ಶ್ರೀಗಳವರ ಅಪ್ಪಣೆಯನ್ನು ಮೊದಲೇ ಪಡೆದಿರುವ 
ಒಂದು ಏರ್ಪಾಡನ್ನು ತಮಗೆ ಅರಿಕೆ ಮಾಡುತ್ತೇನೆ. ಅಮಾವಾಸ್ಯೆಯ ದಿನ ಎತ್ತುಗಳ ಹೆಗಲಿಗೆ ನೊಗ ಹೇರದೆ ತಾವೆಲ್ಲರೂ ಮಠಕ್ಕೆ ಬರುವ ರೂಢಿಯುಂಟಷ್ಟೆ. ಕಾಲೇಜಿಗೆ ಹೋಗುವ ಮಕ್ಕಳನ್ನು ಅಂದು ಜತೆಗೆ ಕರೆದುತನ್ನಿರಿ. ರಜೆಯಿಲ್ಲದಿದ್ದರೆ ಸಂಜೆಯ ಬಸ್ಸಿಗೆ ಬರಲಿ. ದಾಸೋಹದ ಊಟವಾದ ಮೇಲೆ ಕೈಸಾಲೆಯಲ್ಲಿ ಕೂಡೋಣ. ಭಾಷಣವಿಲ್ಲ, ಹಾರವಿಲ್ಲ. ಮೊದಲು ಮಕ್ಕಳು ಮಾತಾಡಲಿ. ಅವರು ಮುಗಿಸುವವರೆಗೆ ತಂದೆಯಾದವನು ನಡುವೆ ಬಾಯಿ ಹಾಕಬಾರದೆಂಬುದೊಂದೇ ನಿಯಮ. ಆ ನಿಯಮವು ಅಧ್ಯಾಪಕರಿಗೂ ಅನ್ವಯಿಸುವುದು. ಅರ್ಜಿ ಬರೆಯಬೇಕಾದವರಿಗೆ ಬರೆದುಕೊಡಲು, ಇಂಗ್ಲೀಷಿನ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳಲು, ಕೆಲಸದಿಂದ ನಿವೃತ್ತರಾದ ನಾವು ಮೂವರು ಅಧ್ಯಾಪಕರು ಒಪ್ಪಿದ್ದೇವೆ. ಹೆಣ್ಣುಮಕ್ಕಳಿಗಾಗಿ ಒಬ್ಬ ಅಧ್ಯಾಪಕಿಯವರು ಬೇರೆ ಕೋಣೆಯಲ್ಲಿ ಕೂಡುವರು. ಅಲ್ಲಿ ಕೇಳಿದ ಮಾತು ಹೊರಗೆ ಬಾರದು.

ಮೊದಲ ಅಮಾವಾಸ್ಯೆಗೆ ಹತ್ತು ಮನೆಯವರು ಬಂದರೂ ಸಾಕು. ಯಾರೂ ಬಾರದಿದ್ದರೂ ನಾನು ಚಾಪೆ ಹಾಸಿ ಕೂತಿರುತ್ತೇನೆ. ಕೂಡ್ಲಿಗಿಯ ಕಡೆಯ ಬಸ್ಸು ಆರು ಗಂಟೆಯ ಹೊತ್ತಿಗೆ ಬರುವುದು. ಅದು ಬಂದ ಮೇಲೆಯೇ ಪ್ರಾರಂಭ ಮಾಡೋಣ.